ಗುಂಡುಸೂಜಿ ಚುಚ್ಚಿ ಬಂದ ಕಾಗದ

ದುಬೈಯ ಕರಾಮದ ಅಬ್ದುಲ್ ರವೂಫ್ ಮನುಷ್ಯರನ್ನು ಅಳೆಯುವುದು ಮುಖ ನೋಡಿ ಅಲ್ಲ, ಭುಜ ನೋಡಿ. ಗಿರಾಕಿ ಗಾಜಿನ ಬಾಗಿಲು ತಳ್ಳುವಷ್ಟರಲ್ಲಿ ಅವನ ಮನಸ್ಸು ಚೀಟಿ ಅಂಟಿಸಿ ಮುಗಿಸಿರುತ್ತದೆ: ಮೀಡಿಯಂ, ಲಾರ್ಜ್, ಇಲ್ಲವೇ ‘ಪಾಪ, ಇವನು ತನ್ನನ್ನು ಇನ್ನೂ ಲಾರ್ಜ್ ಅಂತಲೇ ತಿಳಿದಿದ್ದಾನೆ’. ಮೂವತ್ತೊಂದು ವರ್ಷ ರೆಡಿಮೇಡ್ ಶರ್ಟು, ಪ್ಯಾಂಟು, ಹೋಟೆಲ್ ಯೂನಿಫಾರಂ ಮಾರಿ ಹರಿತವಾದ ಕಣ್ಣು ಅದು. ಸ್ಯಾಂಪಲ್ ತರಿಸಿ, ಒಗೆದು, ಬಿಸಿಲಿಗೆ ಹಾಕಿ, ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡದೆ ಒಂದು ಡಜನ್ ಬನಿಯನ್ನನ್ನೂ ಅವನು ಎತ್ತಿದವನಲ್ಲ. ರವೂಫಾಕ ಮದುವೆಗೂ ಸ್ಯಾಂಪಲ್ ಕೇಳಿದ್ದರಂತೆ ಎಂದು ಬೀದಿಯವರು ನಗುವುದುಂಟು. ಹೆಂಡತಿ ಹಸೀನ ಅದಕ್ಕೆ, “ಕೇಳಿದ್ದರೆ ನಮ್ಮ ಮನೆಯವರೂ ಕೇಳ್ತಿದ್ದರು. ಈ ಮಾಲು ಇವತ್ತಿಗೂ ಗೋಡೌನಿನಲ್ಲೇ ಇರ್ತಿತ್ತು” ಎನ್ನುತ್ತಾಳೆ.

ತಮ್ಮ ಮೊಯ್ದೀನ್‌ನದು ಅದೇ ದುಬೈಯ ಸತ್ವಾದಲ್ಲಿ ಟೈಲರ್ ಅಂಗಡಿ. ಬಂಟ್ವಾಳದ ಕಡೆಯಿಂದ ಅಣ್ಣ ಬಂದ ಎರಡನೇ ವರ್ಷಕ್ಕೆ ತಮ್ಮನೂ ಬಂದ. ಆದರೆ ಅಣ್ಣನ ಅಂಗಡಿಯಲ್ಲಿ ಅವನಿಗೆ ಒಂದು ವಾರವೂ ನಿಲ್ಲಲಾಗಲಿಲ್ಲ. ಊರಿನಲ್ಲಿ ಒಬ್ಬ ಉಸ್ತಾದ್ ಟೈಲರನ ಕೈಕೆಳಗೆ ಏಳು ವರ್ಷ ಗುಂಡಿ ಹೊಲಿದು ಕಲಿತವನಿಗೆ, ಪ್ಲಾಸ್ಟಿಕ್ ಚೀಲದಿಂದ ಶರ್ಟು ತೆಗೆದು ಕೊಡುವುದು ಕೆಲಸವೆಂದೇ ಅನಿಸಲಿಲ್ಲ.

“ಪಡೆದವನು ಮನುಷ್ಯರನ್ನು ಬರೀ ಐದು ಸೈಜಲ್ಲಾ ಮಾಡಿದ್ದು, ಕಾಕ?” ಎಂದು ಅಣ್ಣನನ್ನು ಕೆಣಕುತ್ತಿದ್ದ. ಬ್ಯಾರಿಗಳ ಬಾಯಲ್ಲಿ ಅಣ್ಣನೆಂದರೆ ಕಾಕ, ಪಡೆದವನೆಂದರೆ ಸೃಷ್ಟಿಸಿದ ದೇವರು.

“ನೀನು ಅಳತೆ ತೆಗ್ದು ಹೊಲ್ದು ಕೊಡುವಷ್ಟರಲ್ಲಿ ಗಿರಾಕಿ ವೀಸಾ ಮುಗ್ದು ಊರಿಗೆ ಮುಟ್ಟಿರ್ತಾನೆ ಮಾರಾಯ,” ಎಂದು ರವೂಫ್ ತಿರುಗಿಸಿ ಕೊಡುತ್ತಿದ್ದ.

ಶುಕ್ರವಾರದ ನಮಾಜು ಮುಗಿಸಿ ಕರಾಮದ ಹೋಟೆಲಿನಲ್ಲಿ ತುಪ್ಪದನ್ನಕ್ಕೆ ಕುಳಿತರೆ ಇದೇ ಜಗಳ. ಮೂವತ್ತು ವರ್ಷಗಳಲ್ಲಿ ಅದು ಹಳಸಲೂ ಇಲ್ಲ, ಮುಗಿಯಲೂ ಇಲ್ಲ.

ಐವತ್ತೇಳನೇ ವಯಸ್ಸಿಗೆ ರವೂಫನ ಎದೆ ಸದ್ದು ಮಾಡಿತು. ನಾಳದಲ್ಲಿ ಸ್ಟೆಂಟ್ ಕೂತಿತು. ಆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಕ್ಲೊಪಿಡೋಗ್ರೆಲ್ ಮಾತ್ರೆ ನುಂಗಬೇಕೆಂದು ಡಾಕ್ಟರು ಬರೆದುಕೊಟ್ಟರು. ದುಬೈಯಲ್ಲಿ ಮಾತ್ರೆಗೇನೂ ಬರವಿಲ್ಲ. ಆದರೆ ಊರಿನಿಂದ ಬರುವವರಿರುವಾಗ ಇಲ್ಲಿ ಕೊಳ್ಳುವುದೆಂದರೆ ವ್ಯಾಪಾರಿಗೆ ಅವಮಾನ. ಮಂಗಳೂರಿನ ವಿಮಾನ ಹತ್ತುವ ಪರಿಚಯದವರೆಲ್ಲರ ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿಗಳ ನಡುವೆ ಡಾಕ್ಟರ ಚೀಟಿ ಸಮೇತ ರವೂಫನ ಒಂದೆರಡು ತಿಂಗಳ ಮಾತ್ರೆಯೂ ಬಂತು. ಹೀಗೆ ಮನೆಯ ಡ್ರಾಯರಿನಲ್ಲಿ ವರ್ಷಕ್ಕಾಗುವಷ್ಟು ಸ್ಟಾಕ್ ಆಯಿತು. ಒಂದು ದಿನವೂ ತಪ್ಪಿಸದೆ ನುಂಗಿದ.

ಆದರೂ ಎಂಟು ತಿಂಗಳು ಕಳೆದ ಮೇಲೆ, ಅಬುಧಾಬಿಯ ಹೋಟೆಲೊಂದಕ್ಕೆ ಯೂನಿಫಾರಂ ಒಪ್ಪಿಸುತ್ತಿದ್ದಾಗ, ಎದೆ ಮತ್ತೆ ಹಿಂಡಿತು. ಅಲ್ಲಿನ ಆಸ್ಪತ್ರೆಯವರು ನೋಡಿದರೆ ಸ್ಟೆಂಟಿನೊಳಗೆ ಹೆಪ್ಪು. “ಮಾತ್ರೆ ತಪ್ಪಿಸಿದಿರಾ?” ಎಂದು ಮೂರು ಮಂದಿ ಮೂರು ಸಲ ಕೇಳಿದರು. ಇಲ್ಲವೆಂದಾಗ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ತಿರುಗಿಸಿ ಕೊಳವೆಗೆ ಹಾಕಿಕೊಂಡರು. ರವೂಫ್‌ಗೆ ಇದು ಹಿಡಿಸಿತು. ಅಂತೂ ಈ ದೇಶದಲ್ಲಿ ಸ್ಯಾಂಪಲ್ ನೋಡುವವರು ಇನ್ನೂ ಇದ್ದಾರೆ!

ಎರಡು ವಾರದ ಮೇಲೆ, ಅಕ್ಟೋಬರಿನಲ್ಲಿ, ವರದಿ ಬಂತು. ಅದನ್ನು ಬಿಡಿಸಿ ಹೇಳಲು ಕೂತವಳು ಕಿನ್ನಿಗೋಳಿಯ ಎಲ್ಸಿ. ಜೀನ್ ಪರೀಕ್ಷೆಯ ಫಲಿತಾಂಶವನ್ನು ರೋಗಿಗಳಿಗೆ ಅರ್ಥವಾಗುವಂತೆ ಹೇಳುವುದೇ ಅವಳ ಉದ್ಯೋಗ. ಬಂಟ್ವಾಳದವನೆಂದು ತಿಳಿದದ್ದೇ ಇಂಗ್ಲಿಷನ್ನು ಬದಿಗಿಟ್ಟಳು.

“ನೋಡಿ, ನಿಮ್ಮ ಮಾತ್ರೆ ಒಳ್ಳೇದೇ. ಆದ್ರೆ ಅದು ಹೊಟ್ಟೆಗೆ ಹೋದ ಕೂಡ್ಲೆ ಕೆಲಸ ಮಾಡುವ ಮಾತ್ರೆ ಅಲ್ಲ. ಲಿವರಿನಲ್ಲಿ ಅದು ಬದ್ಲಾಗಿ ತಯಾರಾಗ್ಬೇಕು. ಅದನ್ನು ತಯಾರು ಮಾಡುವ ಒಂದು ಕಿಣ್ವ ನಿಮ್ಮಲ್ಲಿ ಕೆಲಸವೇ ಮಾಡುದಿಲ್ಲ.”

ರವೂಫ್ ಒಂದು ಗಳಿಗೆ ಯೋಚಿಸಿದ. “ಅಂದ್ರೆ, ಮಾಲು ಜೆಬೆಲ್ ಅಲಿ ಬಂದರಿಗೆ ಬಂದುಂಟು. ಕಸ್ಟಮ್ಸ್ ಕ್ಲಿಯರೆನ್ಸ್ ಆಗ್ತಾ ಇಲ್ಲ.”

ಎಲ್ಸಿ ನಕ್ಕುಬಿಟ್ಟಳು. “ಅದೇ! ಇನ್ನು ಬೇರೆಯವರಿಗೆ ನಾನೂ ಹಾಗೇ ಹೇಳ್ತೇನೆ. ನಿಮ್ಗೆ ಕ್ಲಿಯರೆನ್ಸ್ ಬೇಡದ ಬೇರೆ ಮಾತ್ರೆ ಬರ್ದಿದ್ದಾರೆ ಡಾಕ್ಟರು. ಇನ್ನೊಂದು ವಿಷಯ. ಇದು ನಿಮ್ಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದದ್ದು. ಒಡಹುಟ್ಟಿದವರಿಗೂ ಹೀಗೇ ಇರುವ ಸಾಧ್ಯತೆ ಕಮ್ಮಿಯೇನಲ್ಲ, ನಾಲ್ಕರಲ್ಲಿ ಒಂದಾದ್ರೂ ಉಂಟು. ಎಷ್ಟು ಮಂದಿ ನೀವು?”

“ತಮ್ಮ ಒಬ್ಬ, ತಂಗಿ ಒಬ್ಳು. ಇಬ್ರೂ ಇಲ್ಲೇ ದುಬೈಲಿ.”

“ಹಾಗಾದ್ರೆ ಅವ್ರಿಗೆ ಹೇಳ್ಬೇಕು. ಈ ಕಾಗದ ತೋರ್ಸಿ. ಅವ್ರಿಗೆ ಈಗ ಎಂತ ತೊಂದ್ರೆ ಇಲ್ಲದಿದ್ರೂ ತೋರ್ಸಿ. ಖಂಡಿತ ಹೇಳ್ತೀರಲ್ಲ?”

“ಖಂಡಿತ,” ಎಂದ ರವೂಫ್. ಗಿರಾಕಿಗೆ ‘ನಾಳೆ ಹೊಸ ಮಾಲು ಬರ್ತದೆ’ ಎನ್ನುವಾಗಲೂ ಅವನು ಇದೇ ಸ್ವರದಲ್ಲಿ ಹೇಳುವುದು. ಎಲ್ಸಿಗೆ ಅದು ಗೊತ್ತಿರಲಿಲ್ಲ.

ಹೇಳಬೇಕೆಂದೇ ಇದ್ದ. ಆದರೆ ಕೋಟಿನ ಒಳಜೇಬಿಗೆ ಕಾಗದ ಇಳಿಸಿ ಮನೆಗೆ ಬಂದರೆ ಹಸೀನ ಬಾಗಿಲಲ್ಲೇ ಸುದ್ದಿ ಹಿಡಿದು ನಿಂತಿದ್ದಳು. ಮಗಳು ಶಾಹಿನಳಿಗೆ ಅಬುಧಾಬಿಯ ಒಂದು ಮನೆಯಿಂದ ಸಂಬಂಧ ಬಂದಿದೆ, ಹುಡುಗ ಝಹೀರ್ ಇಂಜಿನಿಯರ್, ಜನವರಿಯಲ್ಲಿ ನಿಖಾಹ್ ಆಗಬೇಕಂತೆ.

ರವೂಫ್ ಜೀನಿನ ಕತೆ ಹೇಳಿದ. ಹಸೀನ ಅರ್ಧಕ್ಕೇ ತಡೆದಳು.

“ಹುಡುಗನ ಕಡೆಯವರು ಎಂತ ಕೇಳಿದ್ದು ಗೊತ್ತುಂಟಾ? ಕುಟುಂಬದಲ್ಲಿ ರಕ್ತದ ಕಾಯಿಲೆ ಏನಾದ್ರೂ ಉಂಟಾ ಅಂತ. ನಾನು ‘ಅಪ್ಪನಿಗೆ ಎದೆ ನೋವು ಬಂದದ್ದು ಬಿಟ್ರೆ ಮಾಫಿ, ಏನೂ ಇಲ್ಲ’ ಅಂದೆ. ಈಗ ನೀವು ಹೋಗಿ ‘ನಮ್ಮ ರಕ್ತದಲ್ಲೇ ದೋಷ ಉಂಟು’ ಅಂತ ಡಂಗುರ ಹೊಡೀರಿ.”

“ಇದು ಕಾಯಿಲೆ ಅಲ್ಲ ಹಸೀನಾ. ಒಂದು ಮಾತ್ರೆ ಆಗುದಿಲ್ಲ, ಅಷ್ಟೇ.”

“ಅದು ನಿಮ್ಗೆ ಗೊತ್ತು, ಆಸ್ಪತ್ರೆಯವರಿಗೆ ಗೊತ್ತು. ನಿಮ್ಮ ತಂಗಿ ಬೀಬಿ ಬಾಯಿಗೆ ಬಿದ್ರೆ ಮುರಕ್ಕಬಾತಿನ ಅವಳ ಮನೆಯಿಂದ ಅಬುಧಾಬಿ ಮುಟ್ಟುವಷ್ಟರಲ್ಲಿ ಅದು ಎಂತ ಆಗಿರ್ತದೆ? ಮೊಯ್ದೀನ್‌ಗೆ ಹೇಳಿದ್ರೆ ಬೀಬಿಗೆ ಹೇಳಿದ ಹಾಗೇ. ನಿಖಾಹ್ ಒಂದು ಆಗ್ಲಿ. ಅಷ್ಟರಲ್ಲಿ ಯಾರೂ ಸಾಯುದಿಲ್ಲ.”

ಲೆಕ್ಕಕ್ಕೆ ಸರಿಯೆನಿಸಿತು. ತಮ್ಮ, ತಂಗಿ ಇಬ್ಬರೂ ಗಟ್ಟಿಮುಟ್ಟು, ಮೂರೇ ತಿಂಗಳು. ಮಾಲು ಒಪ್ಪಿಸುವ ಮೊದಲೇ ಅದರ ಹೊಲಿಗೆ ಬಿಟ್ಟಲ್ಲಿ ಬೆರಳಿಟ್ಟು ತೋರಿಸುವ ವ್ಯಾಪಾರಿ ಎಲ್ಲಿದ್ದಾನೆ? ರವೂಫ್ ಕಾಗದವನ್ನು ಕೋಟಿನ ಒಳಜೇಬಿನಲ್ಲೇ ಬಿಟ್ಟ.

ನವೆಂಬರಿನಲ್ಲಿ ನಿಖಾಹ್‌ಗೆ ಕೋಟು ಹೊಲಿಸುವ ಮಾತು ಬಂತು. ತನ್ನ ಅಂಗಡಿಯಲ್ಲೇ ನಲವತ್ತು ಕೋಟು ತೂಗುತ್ತಿದ್ದರೂ, ಮಗಳ ನಿಖಾಹ್‌ಗೆ ತಮ್ಮನ ಕೈಯ ಕೋಟೇ ಆಗಬೇಕೆಂದು ರವೂಫ್ ಹೇಳಿದಾಗ ಮೊಯ್ದೀನ್ ಕತ್ತರಿ ಕೆಳಗಿಟ್ಟ.

“ಏನು ಕಾಕ, ನಿನ್ನ ಐದು ಸೈಜಿನಲ್ಲಿ ನಿನ್ನದೇ ಇಲ್ವಾ?”

“ಹೊಟ್ಟೆಗೆ ಡಬ್ಬಲ್ ಎಕ್ಸೆಲ್, ಭುಜಕ್ಕೆ ಲಾರ್ಜ್. ಎರಡನ್ನೂ ಕೂಡ್ಸಿ ಯಾವ ಕಂಪೆನಿಯೂ ಮಾಡುದಿಲ್ಲ.”

“ಮೂವತ್ತು ವರ್ಷ ಬೇಕಾಯ್ತು ಒಪ್ಲಿಕ್ಕೆ!” ಎಂದು ಮೊಯ್ದೀನ್ ಪಕ್ಕದ ಗ್ಯಾರೇಜಿನವರಿಗೂ ಕೇಳುವಂತೆ ನಕ್ಕ. ಅಳತೆಗೆಂದು ಅಣ್ಣ ತಂದಿದ್ದ ಹಳೇ ಕೋಟನ್ನೂ ಇಟ್ಟುಕೊಂಡ.

ಒಳಜೇಬಿನ ಕಾಗದ ರವೂಫ್‌ಗೆ ನೆನಪಾದದ್ದು ಮೆಟ್ರೋ ಹತ್ತಿದ ಮೇಲೆ. ಮರಳಿ ಹೋಗಿ ಕೇಳಿದರೆ ಅನುಮಾನ, ಕೇಳದಿದ್ದರೆ ಭಯ. ಹತ್ತು ದಿನ ಒದ್ದಾಡಿದ.

ಹನ್ನೊಂದನೇ ದಿನ ಕೋಟು ಬಂತು, ಹಳತೂ ಹೊಸತೂ ಒಂದೇ ಕವರಿನಲ್ಲಿ. ಕಾಗದ ಹಳೇ ಕೋಟಿನ ಎದೆಯ ಮೇಲೆ ಇತ್ತು. ಮಡಿಕೆ ಬಿಚ್ಚದೆ, ಇನ್ನೂ ಒಂದು ಮಡಿಕೆ ಹೆಚ್ಚಿಗೆ ಮಡಿಸಿ, ಗುಂಡುಸೂಜಿ ಚುಚ್ಚಿಟ್ಟಿತ್ತು. ಸತ್ವಾದ ಟೈಲರುಗಳ ಕ್ರಮವೇ ಅದು. ಗಿರಾಕಿಯ ಜೇಬಿನಲ್ಲಿ ಏನು ಸಿಕ್ಕಿದರೂ, ನೋಟಾಗಲಿ, ಪತ್ರವಾಗಲಿ, ಬಿಚ್ಚುವಂತಿಲ್ಲ. ಬಟ್ಟೆಗೇ ಚುಚ್ಚಿ ಹಿಂದಕ್ಕೆ ಕೊಡಬೇಕು. ಗಿರಾಕಿಯ ಮೈಯನ್ನು ಅಳೆಯಬಹುದು, ಜೇಬನ್ನು ಅಳೆಯಬಾರದು ಎಂದು ಮೊಯ್ದೀನ್‌ನ ಉಸ್ತಾದ್ ಕಲಿಸಿದ್ದ ಪಾಠ.

ರವೂಫ್ ಉಸಿರು ಬಿಟ್ಟ. ‘ಅಲ್ಲಾಹ್ ಕಾಪಾಡಿದ’ ಎಂದುಕೊಂಡ. ಆಮೇಲಿನ ದಿನಗಳಲ್ಲಿ ಅವನನ್ನು ಬಹಳ ಕಾಡಿದ್ದು ಆ ನಿಟ್ಟುಸಿರೇ. ತಮ್ಮನನ್ನು ಉಳಿಸಬಹುದಾಗಿದ್ದ ಕಾಗದ ತಮ್ಮನ ಕೈವರೆಗೆ ಹೋಗಿ, ಓದಿಸಿಕೊಳ್ಳದೆ ತಿರುಗಿ ಬಂದದ್ದಕ್ಕೆ ಅವನು ಪಡೆದವನಿಗೆ ಕೃತಜ್ಞತೆ ಹೇಳಿದ್ದ.

ನಿಖಾಹ್‌ಗೆ ಹನ್ನೆರಡು ದಿನ ಇರುವಾಗ ಮೊಯ್ದೀನ್ ಹೊಲಿಗೆ ಯಂತ್ರದ ಮುಂದೆಯೇ ಎದೆ ಹಿಡಿದು ಕೂತ. ಗ್ಯಾರೇಜಿನವರು ಆಸ್ಪತ್ರೆಗೆ ಒಯ್ದರು. ಅವನಿಗೂ ಸ್ಟೆಂಟ್. ನಾಲ್ಕನೇ ದಿನ ಮನೆಗೆ ಕಳಿಸಿದರು. ಚೀಟಿಯಲ್ಲಿ ಅದೇ ಹೆಸರು, ಕ್ಲೊಪಿಡೋಗ್ರೆಲ್.

ಹೆಂಡತಿ ಮಕ್ಕಳು ಊರಿನಲ್ಲಿದ್ದುದರಿಂದ ಮೊಯ್ದೀನ್ ಕರಾಮಕ್ಕೆ, ಅಣ್ಣನ ಮನೆಗೇ ಬಂದ. ಮಾತ್ರೆ ತರಲು ರವೂಫ್ ಚಪ್ಪಲಿ ಮೆಟ್ಟುತ್ತಿದ್ದಾಗ ಹಸೀನ, “ಡ್ರಾಯರಿನಲ್ಲಿ ಅದೇ ಮಾತ್ರೆ ರಾಶಿ ಬಿದ್ದುಂಟಲ್ಲ, ಎರಡು ವರ್ಷ ಎಕ್ಸ್‌ಪೈರಿ ಉಂಟು” ಎಂದಳು. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ. ಜೀನಿನ ಕತೆಯನ್ನು ಅವಳು ಮದುವೆಯ ಗಲಾಟೆಯಲ್ಲಿ ಎಂದೋ ಮರೆತಿದ್ದಳು.

ರವೂಫ್ ಮರೆತಿರಲಿಲ್ಲ. ಡ್ರಾಯರು ಎಳೆದು ಮಾತ್ರೆಯ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಅವನು ನಿಂತೇ ಇದ್ದ. ನಾಲ್ಕರಲ್ಲಿ ಒಂದು ಎಂದಿದ್ದಳು ಎಲ್ಸಿ. ಅಂದರೆ ಮೂರು ಪಾಲು ಒಳ್ಳೆಯದೇ ಆಯಿತಲ್ಲ. ಇಷ್ಟು ಮಾರ್ಜಿನ್ನಿಗೆ ಅವನು ಎಷ್ಟೋ ಸಲ ಮಾಲು ಎತ್ತಿದ್ದಾನೆ. ಸ್ಯಾಂಪಲ್ ನೋಡದೆ ಮಾತ್ರ ಎತ್ತಿರಲಿಲ್ಲ. ಅದು ಆಗ ಅವನಿಗೆ ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಅವನು ಪಕ್ಕಕ್ಕೆ ತಳ್ಳಿದ.

ಮೊಯ್ದೀನ್ ಪಟ್ಟಿಯನ್ನು ತಿರುಗಿಸಿ ನೋಡಿದ. “ಇದು ನೀನು ತಿನ್ತಿದ್ದ ಮಾತ್ರೆ ಅಲ್ವಾ ಕಾಕ? ನಿನ್ಗೆ ಹೇಗಾಯ್ತು?”

ಬಾಗಿಲಾಚೆ ಹಸೀನ ಝಹೀರನ ತಾಯಿಯೊಡನೆ ಫೋನಿನಲ್ಲಿ ನಗುತ್ತಿದ್ದಳು. ಒಂಬತ್ತು ದಿನ ಬಾಕಿ.

“ಒಳ್ಳೆ ಕಂಪೆನಿಯ ಮಾಲು,” ಎಂದ ರವೂಫ್.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೊಯ್ದೀನ್ ನೀರು ಕುಡಿದು ನುಂಗಿದ.

ನಿಖಾಹ್ ಮುರಕ್ಕಬಾತಿನ ಒಂದು ಮದುವೆ ಹಾಲ್‌ನಲ್ಲಿ ಚೆನ್ನಾಗಿಯೇ ಆಯಿತು. ಮೊಯ್ದೀನ್ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಸಲಾಂ ಹೇಳಿದ. ಫೋಟೋಗೆ ನಿಂತಾಗ ಅವನ ಕಣ್ಣು ವಧುವಿನ ಮೇಲೂ ಇಲ್ಲ, ವರನ ಮೇಲೂ ಇಲ್ಲ, ಅಣ್ಣನ ಎಡತೋಳಿನ ಮೇಲೆ.

“ಛೆ! ಅರ್ಧ ಇಂಚು ಉದ್ದ ಬಿಟ್ಟಿದ್ದೇನೆ. ಯಾರ ಹತ್ರವೂ ಹೇಳ್ಬೇಡ, ಮರ್ಯಾದೆ ಹೋಗ್ತದೆ. ಬರುವ ಭಾನುವಾರ ಅಂಗಡಿಗೆ ತಾ, ಎತ್ತಿ ಕೊಡ್ತೇನೆ.”

“ರೆಡಿಮೇಡಿನಲ್ಲಿ ಹೀಗಾಗುದಿಲ್ಲ ನೋಡು,” ಎಂದ ರವೂಫ್. ಇಬ್ಬರೂ ನಕ್ಕರು. ಭಾನುವಾರ ಕೋಟಿನ ಜೊತೆ ಕಾಗದವನ್ನೂ ಒಯ್ದು ಎಲ್ಲವನ್ನೂ ಹೇಳಿಬಿಡುತ್ತೇನೆಂದು ಅವನು ಅಲ್ಲೇ ನಿಶ್ಚಯಿಸಿದ.

ಭಾನುವಾರ ಹುಡುಗನ ಮನೆಯವರು ಅಬುಧಾಬಿಗೆ ಊಟಕ್ಕೆ ಕರೆದರು. ಹೊಸ ಬೀಗರು ಕರೆದಾಗ ಹೋಗದಿದ್ದರೆ ಹೇಗೆ? ನಿಖಾಹ್ ಮುಗಿದದ್ದೇ ಸತ್ವಾಕ್ಕೆ ಮರಳಿದ್ದ ಮೊಯ್ದೀನ್‌ಗೆ ಫೋನ್ ಮಾಡಿ, “ಬರುವ ಭಾನುವಾರ ತರ್ತೇನೆ” ಎಂದ.

“ಕೋಟಿಗೆ ಎಂತ ಅವಸರ,” ಎಂದ ಮೊಯ್ದೀನ್.

ಗುರುವಾರ ಬೆಳಿಗ್ಗೆ ಸತ್ವಾದಿಂದ ಗ್ಯಾರೇಜಿನವರ ಫೋನ್ ಬಂತು.

ಸ್ಟೆಂಟ್ ಪೂರ್ತಿ ಕಟ್ಟಿತ್ತು. ಡಾಕ್ಟರುಗಳು ಜೀವ ಉಳಿಸಿದರು. ಆದರೆ ಹೃದಯದ ಒಂದು ದೊಡ್ಡ ಪಾಲು ಸತ್ತಿತ್ತು. ಇನ್ನು ಮೆಟ್ಟಿಲು ಹತ್ತುವುದು ಕಷ್ಟ, ದಿನವಿಡೀ ಯಂತ್ರದ ಮುಂದೆ ಬಾಗಿ ಕೂರುವುದು ಆಗದ ಮಾತು. ವಾರ ಕಳೆದ ಮೇಲೆ ಹೆಂಗಸು ಡಾಕ್ಟರೊಬ್ಬಳು ಹಾಸಿಗೆಯ ಪಕ್ಕಕ್ಕೆ ಬಂದಳು. ಜೀನ್ ಪರೀಕ್ಷೆ ಮಾಡಿಸಿದೆವು, ಈ ಮಾತ್ರೆ ಇವರಿಗೆ ಕೆಲಸ ಮಾಡುವುದಿಲ್ಲ, ಬೇರೆಯದು ಕೊಟ್ಟಿದ್ದೇವೆ ಎಂದು ಹಿಂದಿಯಲ್ಲಿ ಹೇಳಿ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದಳು.

ಇಲ್ಲವೆಂದರೆ ಮುಗಿಯುತ್ತಿತ್ತು. ರವೂಫನ ನಾಲಿಗೆ ಆ ಮಾತನ್ನು ಆಗಲೇ ಮಡಿಸಿ, ಚೀಲಕ್ಕೆ ಹಾಕಿ ಸಿದ್ಧವಾಗಿಟ್ಟಿತ್ತು. ಆದರೆ ಕೈ ಜೇಬಿಗೆ ಹೋಗಿ, ಭಾನುವಾರಕ್ಕೆಂದು ಇಟ್ಟುಕೊಂಡಿದ್ದ ಕಾಗದವನ್ನು ತೆಗೆಯಿತು. ಡಾಕ್ಟರು ಬಿಚ್ಚಿ ಓದಿದಳು. ಮೇಲಿನ ಮೂಲೆಯ ತಾರೀಖನ್ನು ಎರಡು ಸಲ ನೋಡಿದಳು. “ಅಕ್ಟೋಬರ್,” ಎಂದಳು. ಕಾಗದ ಹಿಂದಕ್ಕೆ ಕೊಟ್ಟು ಹೋದಳು. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮೊಯ್ದೀನ್ ಕಾಗದಕ್ಕೆ ಕೈ ಚಾಚಿದ. ಬೆರಳಿನಿಂದ ಸವರಿ, ಸೂಜಿಯ ತೂತುಗಳ ಮೇಲೆ ಬೆರಳು ನಿಲ್ಲಿಸಿದ.

“ಇದು ಆ ಹಳೇ ಕೋಟಿನದ್ದಲ್ವಾ?”

“ಹೌದು.”

“ನಿನ್ನ ಶುಗರಿನ ರಿಪೋರ್ಟು ಅಂದ್ಕೊಂಡಿದ್ದೆ. ಬಿಚ್ಚಲಿಲ್ಲ.”

“ನನಗೆ ಗೊತ್ತಿತ್ತು ಮೊಯ್ದೀನ್. ಮಾತ್ರೆ ಕೊಡುವಾಗ ಗೊತ್ತಿತ್ತು. ನಿನ್ಗೆ ಹೇಳ್ಬೇಕು ಅಂತ ಅಬುಧಾಬಿಯಲ್ಲಿ ಹೇಳಿದ್ರು. ಶಾಹಿನಳ ನಿಖಾಹ್ ಮುಗಿಲಿ, ಅಷ್ಟರವರೆಗೆ ಬೀಬಿ ಬಾಯಿಗೆ ಬೀಳುದು ಬೇಡ ಅಂತ…”

ಮೊಯ್ದೀನ್ ಕಾಗದವನ್ನು ಮತ್ತೆ ಅದೇ ಮಡಿಕೆಗೆ ಮಡಿಸಿದ. ಆಮೇಲೆ, “ನಾನು ಓದಿದ್ರೆ ಒಳ್ಳೇದಿತ್ತು” ಎಂದ.

“ನಾನು ಹೇಳಿದ್ರೆ ಒಳ್ಳೇದಿತ್ತು.”

“ನೀನು ಕೇಳಿದ್ರೆ ಸಾಕಿತ್ತು ಕಾಕ. ‘ಬೀಬಿಗೆ ಹೇಳ್ಬೇಡ’ ಅಂತ ಒಂದು ಮಾತು. ನಾನು ಯಾರ ಜೇಬು ಬಿಚ್ಚಿದ್ದೇನೆ ಇಷ್ಟು ವರ್ಷದಲ್ಲಿ?”

ಮೂವತ್ತು ವರ್ಷ ಆ ಮನುಷ್ಯನ ಎದುರು ಕೂತು ತುಪ್ಪದನ್ನ ಉಂಡ ರವೂಫ್ ಅವನ ಅಳತೆಯನ್ನೇ ತಪ್ಪು ತೆಗೆದಿದ್ದ.

ಆ ವಾರವೇ ರವೂಫ್ ಕಾಗದದ ಜೆರಾಕ್ಸ್ ಮಾಡಿಸಿ ತಂಗಿ ಬೀಬಿಯ ಮನೆಗೆ ಹೋದ. ಎಲ್ಸಿ ಹೇಳಿದ್ದನ್ನು, ತನ್ನ ಕಸ್ಟಮ್ಸ್ ಕ್ಲಿಯರೆನ್ಸಿನ ಹೋಲಿಕೆಯಿಂದ ಹಿಡಿದು, ಎಲ್ಲವನ್ನೂ ಹೇಳಿದ. ಬೀಬಿ ಗಮನವಿಟ್ಟು ಕೇಳಿದಳು, ಮೊಯ್ದೀನ್‌ಗಾಗಿ ಕಣ್ಣೊರೆಸಿಕೊಂಡಳು, ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿ ಬಂದಳು.

“ಪರೀಕ್ಷೆ ಮಾಡ್ಸುವ ಕಾಕ, ಯಾಕೆ ಮಾಡ್ಸುದಿಲ್ಲ? ಆದ್ರೆ ಸ್ವಲ್ಪ ಮೆಲ್ಲ ಮಾತಾಡು. ನಮ್ಮ ಮಗ ಝಿಯಾದ್‌ಗೆ ಒಂದು ಹುಡುಗಿ ನೋಡಿದ್ದೇವೆ. ಅದೊಂದು ಗಟ್ಟಿ ಆಗ್ಲಿ.”

ರವೂಫ್ ಸ್ವರ ಎತ್ತರಿಸಿದ. ಬೈದ, ಬೇಡಿದ. ಕೊನೆಗೆ, ನಾಳೆ ಬೆಳಿಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೇನೆ ಎಂದು ಹೇಳಿ ಹೊರಟ. ಮರುದಿನ ಬಂದಾಗ ಬಾಗಿಲು ತೆರೆದದ್ದು ಅವಳ ಗಂಡ, ಬೀಬಿಗೆ ತಲೆನೋವಂತೆ. ಮೂರನೇ ಸಲಕ್ಕೆ ಅವಳು ಪರೀಕ್ಷೆಗೆ ಬಂದಳು. ಅದೂ ಬುರ್ಖಾದ ಮುಸುಕು ಇಳಿಸಿ, ಯಾರೂ ಗುರುತಿಸದಂತೆ.

ಏಪ್ರಿಲಿನಲ್ಲಿ ಮೊಯ್ದೀನ್‌ನ ವೀಸಾ ಕ್ಯಾನ್ಸಲ್ ಆಯಿತು. ಕೆಲಸವಿಲ್ಲದವನಿಗೆ ಈ ಊರಿನಲ್ಲಿ ಜಾಗವಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಯಂತ್ರಗಳನ್ನು ಒಬ್ಬ ಬಂಗಾಳಿ ಟೈಲರ್ ಕೊಂಡ. ಹೊರಡುವ ಮಧ್ಯಾಹ್ನ ಕರಾಮದ ಮನೆಯಲ್ಲಿ ಪೆಟ್ಟಿಗೆ ಕಟ್ಟುವಾಗ, ರವೂಫ್ ಆರು ತಿಂಗಳಿಗಾಗುವಷ್ಟು ಹೊಸ ಮಾತ್ರೆ ತಂದು ಬಟ್ಟೆಗಳ ನಡುವೆ ಇಟ್ಟ. ಈ ಸಲ ಊರಿನಿಂದ ತರಿಸಿದ್ದಲ್ಲ, ಇಲ್ಲೇ ಕೊಂಡದ್ದು. ಮಾತ್ರೆ ಇಲ್ಲಿಂದ ಊರಿಗೆ ಹೋಗುವುದನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಮೊಯ್ದೀನ್ ಒಂದು ಪಟ್ಟಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ.

“ಇದು ನನ್ನ ಅಳತೆಯದ್ದೇ ತಾನೇ, ಕಾಕ?”

ನಗುತ್ತಲೇ ಕೇಳಿದ್ದು. ರವೂಫ್ ನಗಲಿಲ್ಲ. ಕನ್ನಡಕ ಹಾಕಿಕೊಂಡು, ಡಾಕ್ಟರ ಚೀಟಿಯನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಇಂಗ್ಲಿಷಿನ ಒಂದೊಂದೇ ಅಕ್ಷರದ ಕೆಳಗೆ ಬೆರಳು ಓಡಿಸಿ ಹೆಸರನ್ನು ಎರಡು ಸಲ ಓದಿದ.

“ಹೌದು,” ಎಂದ. “ಡಾಕ್ಟರು ಬರ್ದದ್ದು. ನಾನಲ್ಲ.”

ಬಾಗಿಲಿನವರೆಗೆ ಹೋದ ಮೊಯ್ದೀನ್ ತಿರುಗಿ ನಿಂತ. “ನಿನ್ನ ಕೋಟಿನ ತೋಳು ಬಾಕಿ ಉಳೀತು. ಬೇರೆಯವರ ಹತ್ರ ಕೊಡು. ಒಳಗೆ ಬಟ್ಟೆ ಬಿಟ್ಟಿದ್ದೇನೆ, ಸುಲಭ ಉಂಟು.”

ಕೋಟು ಈಗಲೂ ಕರಾಮದ ಮನೆಯ ಕಪಾಟಿನಲ್ಲಿದೆ. ಬೇರೆ ಟೈಲರಿಗೆ ಕೊಡಿ ಎಂದು ಹಸೀನ ಎರಡು ಸಲ ಹೇಳಿದಳು, ಮೂರನೆಯ ಸಲ ಹೇಳಲಿಲ್ಲ. ಮದುವೆ, ಇಫ್ತಾರ್ ಎಂದು ಹೋಗಬೇಕಾದಲ್ಲಿಗೆ ರವೂಫ್ ಅದನ್ನೇ ಹಾಕಿಕೊಂಡು ಹೋಗುತ್ತಾನೆ. ಅರ್ಧ ಇಂಚು ಉದ್ದವಿರುವ ಎಡತೋಳು ಅನ್ನಕ್ಕೆ ಕೈ ಹಾಕಿದವರ ಕಣ್ಣಿಗೂ ಬೀಳುತ್ತದೆ. “ರವೂಫಾಕ, ಇಷ್ಟು ದೊಡ್ಡ ಬಟ್ಟೆ ವ್ಯಾಪಾರಿಗೆ ತೋಳು ಸರಿ ಇಲ್ವಾ?” ಎಂದು ಯಾರಾದರೂ ಛೇಡಿಸಿದರೆ, ಅವನು ತೋಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಅದು ಮತ್ತೆ ಕೆಳಗೆ ಜಾರುತ್ತದೆ.